ಪ್ರಮೀಳಾ ಹಾಕಿದ ಗೈರುಹಾಜರಿ

ನಾಗಾರ್ಜುನ ಮತ್ತೆ ಸಂತೆಬಾಚಹಳ್ಳಿಗೇ ಹೋಗಿದ್ದ. ವಾಟ್ಸಾಪ್ ಗ್ರೂಪಿಗೆ ಬಂದ ಫೋಟೋದಲ್ಲಿ ಅವನೂ ಅರ್ಚನಳೂ ಒಂದೇ ಟ್ಯಾಬಿನ ಮೇಲೆ ಬಗ್ಗಿದ್ದರು. ಅರ್ಚನಳ ಜಡೆ ಅವನ ಮೊಣಕೈಗೆ ತಾಗುತ್ತಿದೆಯೋ ಇಲ್ಲವೋ ಎಂದು ಪ್ರಮೀಳಾ ಫೋಟೋ ದೊಡ್ಡದು ಮಾಡಿ ನೋಡಿದಳು.

ತಾಗುತ್ತಿತ್ತು.

ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುವ ಸಂಜೆ ಕೇಂದ್ರಗಳಲ್ಲಿ ಬೂಕನಕೆರೆಯದು ಪ್ರಮೀಳಾಳದು, ಸಂತೆಬಾಚಹಳ್ಳಿಯದು ಅರ್ಚನಳದು. ಎಲ್ಲ ಕೇಂದ್ರಗಳ ಹಾಜರಿ, ಓದು ನೋಡಿ, ಎಲ್ಲಿ ಮಕ್ಕಳು ಹಿಂದೆ ಬೀಳುತ್ತಿದ್ದಾರೋ ಅಲ್ಲಿಗೆ ನೆರವು ಕೊಡಿಸುವುದು ನಾಗಾರ್ಜುನನ ಕೆಲಸ. ಹಾಜರಿ ಚೆನ್ನಾಗಿದ್ದ ಕೇಂದ್ರ ಟ್ಯಾಬಿನಲ್ಲಿ ಹಸಿರು, ಕುಸಿದದ್ದು ಕೆಂಪು; ಬೂಕನಕೆರೆ ಯಾವಾಗಲೂ ಹಸಿರು. ಹಾಗಾಗಿ ಅಪರೂಪಕ್ಕೆ ಬಂದು, "ನಿಮ್ದು ಬುಡಿ ಪ್ರಮೀಳಾ ಅವ್ರೆ, ಚಿಂತೆನೇ ಇಲ್ಲ" ಎಂದು ನಕ್ಕು, ಟೀ ಕುಡಿದು ಹೋಗಿಬಿಡುತ್ತಿದ್ದ. ಆ ನಗು ಮಾತ್ರ ಅವಳ ಹತ್ತಿರವೇ ಉಳಿಯುತ್ತಿತ್ತು.

ಚೆನ್ನಾಗಿ ಪಾಠ ಹೇಳಿದ್ದೇ ತಪ್ಪಾಯಿತಲ್ಲ!

ಆ ಸಂಜೆ, ಎದುರಿಗೇ ಕೂತು ಮಗ್ಗಿ ಹೇಳುತ್ತಿದ್ದ ಅರ್ಧ ಮಕ್ಕಳಿಗೆ ಅವಳು ಗೈರುಹಾಜರಿ ಒತ್ತಿದಳು. ಮರುದಿನವೂ ಒತ್ತಿದಳು. ವಾರ ಕಳೆಯುವಷ್ಟರಲ್ಲಿ ಬೂಕನಕೆರೆ ಕೆಂಪಾಯಿತು.

ನಾಗಾರ್ಜುನ ಬಂದ. ಅವನ ಬೈಕಿನ ಹಿಂದೆಯೇ ಒಂದು ಆಟೋ.

"ದೂರದ ಮಕ್ಳು ಬರ್ತಿಲ್ಲ ಅನ್ಸುತ್ತೆ. ಅದಕ್ಕೇ ಆಟೋ ತಂದಿದ್ದೀನಿ."

"ಎಲ್ಲಿಂದ?"

"ಸಂತೆಬಾಚಹಳ್ಳಿದು. ಎಲ್ಲಾ ಕೇಂದ್ರಕ್ಕೂ ಸೇರಿ ಇರೋದೇ ಒಂದಲ್ವಾ."

ಅರ್ಚನಳದ್ದು! ಒಂದು ಗಳಿಗೆ ಬಾಯಿಗೆ ಬೆಲ್ಲ ಬಿದ್ದಂತಾಯಿತು. ಅವನ ಹುಬ್ಬಿನ ಮೇಲೆ ದಾರಿಯ ಧೂಳಿತ್ತು, ಸೆರಗಿನಿಂದ ಒರೆಸಬೇಕೆನಿಸಿತು.

"ಅಲ್ಲಿನ ಹೆಣ್ಮಕ್ಳು ಹೆಂಗೆ ಹೋಗ್ತಾವ್ರೆ?"

"ಊರಾಚೆ ಕೊಪ್ಪಲಿನ ಚಿಕ್ಕೋರು ಇವತ್ತಿಂದ್ಲೇ ನಿಂತೋದ್ರು. ಕತ್ತಲಲ್ಲಿ ನಡ್ಸಲ್ಲ ಅಂದ್ರು ಮನೆಯೋರು." ಅವನು ಒಳಗೆ ಇಣುಕಿದ. ಕೋಣೆ ತುಂಬಿತ್ತು. "ಅರೆ, ಇವತ್ತು ಎಲ್ಲಾ ಬಂದವ್ರೆ!"

"ನಾವು ದಿನಾ ಬತ್ತೀವಿ ಸಾ," ಎಂದಳು ಮುಂದೆ ಕೂತಿದ್ದ ಪುಟ್ಟ ಸ್ನೇಹ.

ನಾಗಾರ್ಜುನ ಪ್ರಮೀಳಾಳ ಕಡೆ ತಿರುಗಿದ. ಅವಳ ಬಾಯಿಯ ಬೆಲ್ಲ ಬೇವಾಗಿತ್ತು.

"ನಾನೇ ಹಂಗೆ ಒತ್ತಿದ್ದು."

"ಯಾಕೆ?"

"ನೀವು ಬರ್ಲಿ ಅಂತ."

ಅವನ ಕಿವಿ ಕೆಂಪಾಯಿತು. ಆದರೆ ನಗಲಿಲ್ಲ. "ಇದನ್ನ ಅರ್ಚನ ಅವ್ರಿಗೆ ಹೇಳ್ಬೇಕು ನೀವು," ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಅದೇ ಆಟೋದಲ್ಲಿ ಪ್ರಮೀಳಾ ಸಂತೆಬಾಚಹಳ್ಳಿಗೆ ಹೋದಳು. ಅರ್ಚನ ಪೂರ್ತಿ ಕೇಳಿಸಿಕೊಂಡಳು.

"ಅಲ್ಲಾ, ನಿಮ್ಮಾಸೆಗೆ ನನ್ನ ಮಕ್ಳ ಓದು ನಿಲ್ಲಿಸ್ಬುಟ್ರಲ್ಲ!" ಎಂದು ರೇಗಿದಳು. ಆಮೇಲೆ, "ನಂಗೂ ನಿಮ್ಮೇಲೆ ಹೊಟ್ಟೆಕಿಚ್ಚೇ ಕಣ್ರೀ. ನಾಗಾರ್ಜುನ ಅವ್ರು ಬಂದಾಗ್ಲೆಲ್ಲ 'ಪ್ರಮೀಳಾ ಅವ್ರು ಇಂಗೆ ಹೇಳ್ಕೊಡ್ತಾರೆ, ಅಂಗೆ ಓದಿಸ್ತಾರೆ'. ಆ ಹೆಸರು ಕೇಳಿ ಕೇಳಿ ನಂಗೆ ಸಾಕಾಗೋಗಿತ್ತು" ಎಂದಳು.

"ನಡೀರಿ, ಆ ಮಕ್ಳ ಮನೆಗೆ ಹೋಗಿ ಕರೆಯಣ," ಎಂದು ಪ್ರಮೀಳಾ ಎದ್ದಳು.

ಇಬ್ಬರೂ ಕೊಪ್ಪಲಿನಲ್ಲಿ ಮನೆಮನೆಗೆ ಹೋದರು. "ಇವತ್ತು ಬಂದ ಆಟೋ ನಾಳೆ ಬತ್ತದಾ?" ಎಂದು ಒಬ್ಬ ಹುಡುಗಿಯ ಅಜ್ಜಿ ಚಿಕ್ಕಬೋರಮ್ಮ ಹೊಸಿಲಲ್ಲೇ ತಡೆದಳು.

"ಬತ್ತದೆ ಕಣವ್ವ. ನಾನು ಸುಳ್ಳು ಗೈರುಹಾಜರಿ ಹಾಕಿದ್ದಕ್ಕೆ ನಿಂತೋಗಿತ್ತು. ತಪ್ಪು ನಂದೇ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ಮೊಮ್ಮಗಳ ಕೈಗೆ ಬ್ಯಾಗು ಕೊಟ್ಟಳು.

ಪ್ರಮೀಳಾ ಬೂಕನಕೆರೆಗೆ ಹಿಂತಿರುಗಿದಾಗ ನಾಗಾರ್ಜುನ ಕೇಂದ್ರದ ಬಾಗಿಲಲ್ಲಿ ನಿಂತಿದ್ದ.

"ಆಫೀಸಿಗೆ ತಿಳಿಸ್ದೆ. ನೋಟೀಸು ಬರುತ್ತೆ."

"ಬರ್ಲಿ. ನೀವು ತಿಳಿಸ್ದಿದ್ರೆ ನಾನೇ ತಿಳಿಸ್ತಿದ್ದೆ."

"ಒಂದು ಫೋನ್ ಮಾಡಿದ್ರೆ ಬತ್ತಿದ್ನಲ್ಲ?"

"ಏನಂತ ಮಾಡ್ಲಿ?"

"ನಾನೂ ದಿನಾ ನಿಮ್ಮ ನಂಬರ್ ತೆಗೆದು, ಏನಂತ ಮಾಡ್ಲಿ ಅಂದ್ಕೊಂಡೇ ಇಟ್ಬುಡ್ತಿದ್ದೆ." ಅವನು ಚಪ್ಪಲಿಯ ತುದಿ ನೋಡಿಕೊಂಡು ಕೇಳಿದ, "ಭಾನ್ವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಬನ್ನಿ." ದನಿ ಅವಳಿಗೇ ಕೇಳಿಸಲಿಲ್ಲ.

"ಅರ್ಚನ ಅವ್ರನ್ನೂ ಕರೀಲಾ?" ಅವನ ಕಣ್ಣಂಚಿನಲ್ಲಿ ತುಂಟತನ ಇಣುಕಿತು.

"ಅವ್ರನ್ನ ಮದ್ವೆಗೆ ಕರಿಯಣ!" ಎಂದುಬಿಟ್ಟಳು ಪ್ರಮೀಳಾ. ಆಡಿದ ಮೇಲೆ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.