ಮೀನಜ್ಜಿ ಕೇಳಿದ ಪ್ರಶ್ನೆ

ಲಂಡನ್ ಮಹಾನಗರದ ಸಮಸ್ತ ಕನ್ನಡಿಗರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹೇಸ್‌ನಲ್ಲಿ ಬಾಡಿಗೆಗಿರುವ ವಿನಾಯಕ ಒಂದು ಕೆಂಪು ಈಜುಚಡ್ಡಿ ಕೊಂಡಿದ್ದಾನೆ.

ಕಾರಣವಿತ್ತು. ಬಂದರುಗಳಿಗೆ ಸಾಫ್ಟ್‌ವೇರ್ ಬರೆಯುವ ಅವನ ಆಫೀಸು 2004ರ ನವೆಂಬರಿನಲ್ಲಿ ಅವನನ್ನೂ, ಟೂಟಿಂಗ್‌ನ ಡಾಕ್ಟರ್ ಉದಯಶಂಕರ್ ಮಗಳು ಬೃಂದಾಳನ್ನೂ ಕೊರಿಯಾದ ಬುಸಾನ್‌ಗೆ ಕಳಿಸುತ್ತಿತ್ತು. ವಾಪಸ್ ಬಂದ ಭಾನುವಾರವೇ ಬೃಂದಾಳನ್ನು ನೋಡಲು ಲೀಡ್ಸ್‌ನಿಂದ ಹಾರ್ಟ್ ಸರ್ಜನ್ ಒಬ್ಬ ಬರುವವನಿದ್ದ. ಹಾರ್ಟು ಕುಯ್ಯುವವನು ಬರುವ ಮೊದಲೇ ಹಾರ್ಟು ಕೊಟ್ಟುಬಿಡಬೇಕು. ಸಮುದ್ರದಿಂದ ಎದ್ದು ಬಂದು, ಮರಳಲ್ಲಿ ಮಂಡಿಯೂರಿ ಕೇಳಬೇಕು. ಇದು ಮಾಸ್ಟರ್ ಪ್ಲಾನ್.

ಬೀಚಿನಲ್ಲಿ ಗಾರ್ಡ್ ಸೀಟಿ ಊದಿದ. ಚಳಿಗಾಲದಲ್ಲಿ ಈಜು ಬಂದ್. ಸಮುದ್ರ ‘ಬುಸ್’ ಎಂದಿತು. ಊರಿಗೆ ಆ ಹೆಸರು ಯಾಕೆ ಬಂತೆಂದು ವಿನಾಯಕನಿಗೆ ಅರ್ಥವಾಯಿತು.

ಮರುದಿನ ಮೀನು ಮಾರ್ಕೆಟ್. ಸಸ್ಯಾಹಾರಿಗಳಿಬ್ಬರೂ ಮೂಗು ಮುಚ್ಚಿಕೊಂಡು ಆಕ್ಟೋಪಸ್ ನೋಡುತ್ತಿದ್ದಾಗ, ಗಮ್‌ಬೂಟು ತೊಟ್ಟು ಮೀನು ಮಾರುತ್ತಿದ್ದ ಅಜ್ಜಿಯೊಬ್ಬಳು ವಿನಾಯಕನತ್ತ ಬೆರಳು ಮಾಡಿ ಬೃಂದಾಳನ್ನು ಕೇಳಿದಳು, “ಒಪ್ಪಾ?”

ಬೃಂದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಿವಿಯವರೆಗೂ ಕೆಂಪಾಗಿ ಹೂಂ ಎಂದು ತಲೆಯಾಡಿಸಿದಳು.

ಒಪ್ಪಾ ಅಂದರೇನೆಂದು ವಿನಾಯಕ ಹೋಟೆಲಿನ ರಿಸೆಪ್ಶನ್‌ನಲ್ಲಿ ಕೇಳಿದ.

“ಎಲ್ಡರ್ ಬ್ರದರ್, ಸರ್.”

ಅಣ್ಣ!

ಕೊನೆಯ ದಿನ ಬೆಟ್ಟ ಹತ್ತುವಾಗ ಅವನು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ತುದಿಯಲ್ಲಿ ಬೃಂದಾ ಅವನ ಜಾಕೆಟ್ ಹಿಡಿದೆಳೆದಳು.

“ಏನಾಯ್ತೋ ನಿಂಗೆ?”

“ನಾನು ನಿಂಗೆ ಅಣ್ಣಾನಾ?”

“ಥೂ! ಯಾರೋ ಹೇಳಿದ್ದು?”

“ನೀನೇ. ಮೀನಜ್ಜಿ ‘ಒಪ್ಪಾ’ ಅಂದ್ರೆ ತಲೆ ಆಡಿಸಿದ್ಯಲ್ಲ. ಕೊರಿಯನ್ನಲ್ಲಿ ಹಂಗಂದ್ರೆ ಅಣ್ಣ.”

ಬೃಂದಾ ಬೆಟ್ಟ ಅದುರುವಂತೆ ನಕ್ಕಳು. “ನಂಗೆಲ್ಲಿ ಬರತ್ತೋ ಕೊರಿಯನ್ನು? ಅಜ್ಜಿ ಅಚ್ಚ ಕನ್ನಡದಲ್ಲೇ ಕೇಳಿದಂಗಿತ್ತು, ಹುಡುಗ ಒಪ್ಪಾ ಅಂತ.” ದನಿ ತಗ್ಗಿತು. “ಒಪ್ಪಿದೆ.”

ಕೆಳಗೆ ಬಂದರಿನಲ್ಲಿ ಹಡಗೊಂದು ಭೋಂ ಎಂದಿತು. ವಿನಾಯಕ ಮಂಡಿಯೂರಿದ. “ಬೃಂದಾ, ನೀನು ನನ್ನ...”

“ಏಳು ಮೇಲೆ. ಉತ್ತರ ಕೊಟ್ಟಾಗಿದೆ. ಇನ್ನು ಪ್ರಶ್ನೆ ಕೇಳಂಗಿಲ್ಲ.” ಅವನ ತಣ್ಣನೆಯ ಕೈಯನ್ನು ತನ್ನ ಕೋಟಿನ ಜೇಬಿಗೆ ತುರುಕಿಕೊಂಡಳು.

ಟೂಟಿಂಗ್‌ನಿಂದ ಲೀಡ್ಸ್‌ಗೆ ‘ಬರಬೇಡಿ’ ಎಂದು ಫೋನ್ ಹೋಯಿತು.

“ಹಂಗಾದ್ರೆ ಇದೇ ಭಾನುವಾರ ನಿಶ್ಚಿತಾರ್ಥ, ಅಂಕಲ್!” ಲಂಡನ್ನಿಗೆ ಮರಳಿ ಡಾಕ್ಟರ ಮನೆಯ ಊಟದ ಮೇಜಿಗೆ ಕೂತ, ಗೆದ್ದ ವಿನಾಯಕ ಘೋಷಿಸಿದ.

ಡಾಕ್ಟರು ದೋಸೆ ಮುರಿಯುತ್ತಾ ಮಗಳತ್ತ ತಿರುಗಿದರು. “ಇವ್ನು ಹೆಣ್ಣು ಕೇಳಿದ್ದು ಯಾವಾಗಮ್ಮಾ?”

“ಇವ್ನೆಲ್ಲಿ ಕೇಳ್ದ ಅಪ್ಪಾ? ಮೀನಜ್ಜಿ ಕೇಳಿದ್ದು.”

“ಓಹೋ. ಹೆಣ್ಣು ಕೇಳಿದವರಿಗೇ ತಾಂಬೂಲ ಕೊಡೋದು ನಮ್ಮ ಪದ್ಧತಿ.” ಡಾಕ್ಟರು ಚಟ್ನಿ ಹತ್ತಿರಕ್ಕೆಳೆದುಕೊಂಡರು. “ಮೊದ್ಲು ಆ ಅಜ್ಜಿಗೆ ವೀಸಾ ಮಾಡಿಸಪ್ಪಾ, ವಿನಾಯಕ.”