ಎರಡೇ ದಿನಕ್ಕೆ ವಾಸಿ

ಸೋಮವಾರ ಬೆಳಿಗ್ಗೆ ಲಾಂಡ್ರಿ ಕೆಲಸದ ಹೆಂಗಸೊಬ್ಬಳು ಮಗಳನ್ನು ಠಾಣೆಗೆ ಕರೆತಂದು, ಅವಳ ಮುಖದ ಮೇಲಿನ ಬಟ್ಟೆ ಸರಿಸಿದಳು. ಹುಳುಕಡ್ಡಿ ಕತ್ತಿನಿಂದ ಕೆನ್ನೆಗೆ ಹಬ್ಬಿ, ಅಂಚಿನಲ್ಲಿ ಕೀವು ಜಿನುಗುತ್ತಿತ್ತು. ಇನ್‌ಸ್ಪೆಕ್ಟರ್ ಕುಡಿಯುತ್ತಿದ್ದ ಟೀ ಪಕ್ಕಕ್ಕಿಟ್ಟರು.

"ಮೊದಲು ಕಾಸಿನಗಲ ಇತ್ತು ಸಾರ್. ಸಂಶೋಧನೆ ಮಾಡ್ತಾರಲ್ಲ, ಆ ಡಾಕ್ಟ್ರು ಹೊಸ ಮುಲಾಮು ಕೊಟ್ರು. ಎರಡೇ ದಿನಕ್ಕೆ ಕೆಂಪು ಮಾಯ. ಆಮೇಲೆ ಹಿಂಗೆ. ತೋರಿಸಿದ್ರೆ ಅದೇ ಮುಲಾಮು ಇನ್ನೊಂದು ಕೊಟ್ರು. ಈಗ ಇವಳು ಕೆಲಸ ಮಾಡೋ ಬೇಕರಿಯವರು ಬರಬೇಡ ಅಂತಾರೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಫ್ರಿಜ್ಜಿನಲ್ಲಿದ್ದ ಟ್ಯೂಬುಗಳನ್ನೆಲ್ಲ ಪಂಚನಾಮೆ ಮಾಡಿ ವಶಪಡಿಸಿಕೊಂಡರು.

"ಹೋಲಿಸಿ ನೋಡೋಕೆ ಅರ್ಧದಲ್ಲಿ ಮದ್ದು, ಅರ್ಧದಲ್ಲಿ ಬರೀ ಮೇಣ ಸಾರ್," ಎಂದಳು ನರ್ಸ್. "ಹೊರಗಡೆ ನಂಬರ್ ಅಷ್ಟೇ. ಯಾವುದು ಯಾವುದು ಅಂತ ಕೊಡೋ ನಮಗೂ ಗೊತ್ತಿರಬಾರದು, ಹಚ್ಕೊಳ್ಳೋರಿಗೂ ಗೊತ್ತಿರಬಾರದು."

"ಮತ್ತೆ ಯಾರಿಗೆ ಗೊತ್ತು?"

"ಮದ್ದು ಕಂಡುಹಿಡಿದು, ತುಂಬಿಸಿ, ನಂಬರ್ ಹಾಕಿದ ಡಾಕ್ಟ್ರಿಗೆ ಮಾತ್ರ."

ಡಾಕ್ಟರು ಬೆಣ್ಣೆಯಂಥ ಮಾತಿನ ಮನುಷ್ಯ. ಏನಾದರೂ ಬೆರೆತಿದ್ದರೆ ಅದು ನರ್ಸಿನ ಕೈವಾಡವೇ ಇರಬೇಕು ಎಂದು ಮೆಲ್ಲಗೆ ತೇಲಿಬಿಟ್ಟರು.

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇತ್ತು. ಅದು ಕೆಂಪು, ತುರಿಕೆ ಎರಡನ್ನೂ ಮುಚ್ಚಿಹಾಕುತ್ತದೆ, ಅಡಿಯಲ್ಲಿ ಹುಳುಕಡ್ಡಿಯ ಶಿಲೀಂಧ್ರ ಸೊಂಪಾಗಿ ಬೆಳೆಯುತ್ತದೆ. ಸಿಕ್ಕಿದ್ದು ಮದ್ದಿನ ಟ್ಯೂಬುಗಳಲ್ಲಿ ಮಾತ್ರ. ಮೇಣದ ಒಂದರಲ್ಲೂ ಇರಲಿಲ್ಲ.

ಇನ್‌ಸ್ಪೆಕ್ಟರ್ ನೇರವಾಗಿ ಡಾಕ್ಟರ ಕೋಣೆಗೆ ಹೋದರು. "ನರ್ಸ್ ಬೆರೆಸಿದ್ರೆ ಮೇಣಕ್ಕೂ ಬೀಳ್ತಿತ್ತು. ಅವಳಿಗೆ ಯಾವುದು ಯಾವುದು ಅಂತ ಗೊತ್ತಿಲ್ವಲ್ಲ."

ಡಾಕ್ಟರ ಬೆಣ್ಣೆ ಕರಗಿತು.

"ಲ್ಯಾಬಿನ ಗಾಜಿನ ತಟ್ಟೇಲಿ ನನ್ನ ಮದ್ದಿಗೆ ಶಿಲೀಂಧ್ರ ಪೂರ್ತಿ ಸಾಯ್ತಿತ್ತು. ಮನುಷ್ಯರ ಚರ್ಮದ ಮೇಲೆ ಆಗ್ಲಿಲ್ಲ. ನನ್ನ ಅರ್ಧ ಆಯುಸ್ಸು ಇದರಲ್ಲೇ ಹೋಗಿದೆ. ಕೆಲಸ ಮಾಡಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಆ ಹುಡುಗಿ ಮುಖ ನೋಡಿದ್ಮೇಲೂ ಇನ್ನೊಂದು ಟ್ಯೂಬ್ ಕೊಟ್ರಿ."

"ಸಂಶೋಧನೆಗೆ ಕೊನೇ ಫೋಟೋ ತೆಗೆಯೋವರೆಗೆ ಕೆಂಪು ಕಾಣಬಾರದಿತ್ತು."

ಕಳ್ಳರು, ಕೊಲೆಗಾರರು ಎಲ್ಲರ ಜೊತೆ ಕೂತು ಮಾತಾಡಿದ್ದ ಇನ್‌ಸ್ಪೆಕ್ಟರಿಗೆ ಈತನ ಎದುರು ಕೂರಲೂ ಅಸಹ್ಯವಾಯಿತು. ಎದ್ದು ನಿಂತೇ ಕೇಳಿದರು: "ಈಗ ಅವಳಿಗೆ ಏನು ಕೊಡಬೇಕು?"

"ಮಾಮೂಲಿ ಮಾತ್ರೆ, ಮಾಮೂಲಿ ಮುಲಾಮು. ಯಾವ ಮೆಡಿಕಲ್ ಶಾಪಲ್ಲಾದ್ರೂ ಸಿಗುತ್ತೆ."

"ಇದು ಮೊದಲಿಂದಲೂ ಗೊತ್ತಿತ್ತಾ?"

ಡಾಕ್ಟರು ಹೌದೆಂದು ತಲೆಯಾಡಿಸಿ, ಕೇಳುವ ಮೊದಲೇ ಬೇಡಿಗೆ ಎರಡೂ ಕೈ ಚಾಚಿದರು.