ಬಾಡಿಗೆ ರೂಮಿನ ಗೊಂಬೆ

ಟಕ್.

ಓಣಿಯ ಕೊನೆಯ ಆಟೋ ಮನೆ ಸೇರಿ, ನಾಯಿಗಳೂ ಸುಮ್ಮನಾದ ಹೊತ್ತಿನಲ್ಲಿ ಹೊನ್ನೂರಮ್ಮನ ಬಾಡಿಗೆ ರೂಮಿನೊಳಗೆ ಆ ಸಣ್ಣ ಸಪ್ಪಳವಾಯಿತು. ಅವಳೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಗೋಡೆಯಾಚೆ ಮನೆಯೊಡತಿ ಚನ್ನವೀರಮ್ಮ ಒಮ್ಮೆ ಕೆಮ್ಮಿದರು. ಮತ್ತೆ ಸದ್ದಿಲ್ಲ.

ಚಾಪೆಯ ಮೇಲೆ ಅಂಗಾತ ಬಿದ್ದಿತ್ತು ರಬ್ಬರಿನ ಗೊಂಬೆ. ತಲೆಯಿಂದ ಸೊಂಟದವರೆಗೆ ಮಾತ್ರ ಇದ್ದ ಗಂಡಸು. ಮೈಗೆ ನೀಲಿ ಟೀ ಶರ್ಟು. ಅರ್ಧಕ್ಕೇ ಮುಗಿದ ಆ ದೇಹವನ್ನು ನೋಡಲಾಗದೆ ಅವಳು ಸೊಂಟದ ಕೆಳಗೊಂದು ಕೌದಿ ಮಡಚಿಟ್ಟು, ಮೇಲೆ ದುಪ್ಪಟಿ ಹೊದಿಸಿದ್ದಳು. ಅದರ ಎದೆಯೊಳಗೊಂದು ಸ್ಪ್ರಿಂಗ್ ಇತ್ತು. ಸರಿಯಾದ ಆಳಕ್ಕೆ ಒತ್ತಿದರೆ ಮಾತ್ರ ಟಕ್ ಎನ್ನುವುದು. ಟ್ರೇನಿಂಗ್ ಶುರುವಾದಾಗಿನಿಂದ ಎಲ್ಲರ ಕೈಗೂ ಮಾತಾಡಿದ ಗೊಂಬೆ ಅವಳ ಕೈಗೆ ಮಾತ್ರ ಮೂಕವಾಗಿತ್ತು. ಈಗ, ಮೊದಲ ಸಲ, ಉತ್ತರ ಕೊಟ್ಟಿತು.

ಅವಳು ಬಗ್ಗಿ ಗೊಂಬೆಯ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಮತ್ತೆ ಎದೆ ಒತ್ತಿದಳು. ಟಕ್. ಟಕ್. ಟಕ್.

ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿದಿದ್ದನ್ನು ಅವಳು ಗಮನಿಸಲಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡಿ ಹೆಜ್ಜೆಯಿಡುವ ಹುಡುಗಿ, ಅವತ್ತು ಅದೊಂದನ್ನು ಮರೆತಳು.

*

ಬಳ್ಳಾರಿಯ ಗಾಂಧಿನಗರದ ಈಜುಕೊಳದಲ್ಲಿ ಹೊನ್ನೂರಮ್ಮ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಓದಿದ್ದಳು, ನಿಜ. ಆದರೆ ಈಜು ಕಲಿಸಿದ್ದು ಊರಿನ ಕಾಲುವೆ. ಅವಳ ಊರು ಹಚ್ಚೊಳ್ಳಿಯ ಮೆಟ್ಟಿಲುಬಾವಿಗೆ ಅವಳ ಕೇರಿಯವರು ಇಳಿಯುವಂತಿರಲಿಲ್ಲ. ಕಾಲುವೆಗೆ ಯಾರೂ ಬೀಗ ಹಾಕಿರಲಿಲ್ಲ.

ಈ ವರ್ಷ ಜೀವರಕ್ಷಣೆಯ ಕೋರ್ಸ್ ಹೊಸದಾಗಿತ್ತು. ಹಳೆಯ ಸರ್ಟಿಫಿಕೇಟು ಇನ್ನು ನಡೆಯುವುದಿಲ್ಲ, ಈಜು ಕಲಿಸುವವರೆಲ್ಲ ಮತ್ತೆ ಪಾಸಾಗಬೇಕು. ಹಳೆಯ ಪಾಠ ಸುಲಭವಾಗಿತ್ತು: ಯಾರಾದರೂ ಮುಳುಗಿದರೆ ಜಿಗಿ, ಜುಟ್ಟು ಹಿಡಿ, ದಡಕ್ಕೆ ತಂದು ಹೊಟ್ಟೆ ಒತ್ತಿ ನೀರು ತೆಗೆ. ಹೊಸ ಪಾಠ ಅದನ್ನೆಲ್ಲ ತಲೆಕೆಳಗು ಮಾಡಿತ್ತು. ಮೊದಲು ಕೋಲು ಚಾಚು, ಹಗ್ಗ ಎಸೆ, ಬೇರೆ ದಾರಿಯೇ ಇಲ್ಲದಿದ್ದರೆ ನೀರಿಗಿಳಿ. ಹೊಟ್ಟೆ ಮುಟ್ಟಬೇಡ. ಮೊದಲು ಉಸಿರು ಕೊಡು, ಆಮೇಲೆ ಎದೆ ಒತ್ತು.

ಕಲಿಸಲು ಬಂದವನು ಕುರುಗೋಡಿನ ದೊಡ್ಡಬಸವರಾಜ. ಹೆಸರಿಗೆ ತಕ್ಕ ಮೈ, ಮೈಗೆ ತಕ್ಕದ್ದಲ್ಲದ ಮೆಲುದನಿ. ಮೊದಲ ದಿನ ಅವನೇ ನೀರಿಗಿಳಿದು ಮುಳುಗುವವನ ಹಾಗೆ ಕೈ ಬಡಿದ. ಕೋಲು ಪಕ್ಕದಲ್ಲೇ ಇತ್ತು. ಹೊನ್ನೂರಮ್ಮನ ಮೈಯೊಳಗಿನ ಕಾಲುವೆ ಕೇಳಬೇಕಲ್ಲ! ಎಲ್ಲರಿಗಿಂತ ಮೊದಲು ಜಿಗಿದಳು. ಜುಟ್ಟಿಗೆ ಕೈ ಹಾಕಿದರೆ ಅವನ ತಲೆ ನುಣ್ಣಗೆ ಬೋಳಾಗಿತ್ತು. ಸಿಕ್ಕಿದ್ದು ಕಿವಿ. ಅದನ್ನೇ ಹಿಡಿದು ದಡದ ತನಕ ಎಳೆದು ತಂದಳು.

ಇಡೀ ಬ್ಯಾಚು ಬಿದ್ದು ಬಿದ್ದು ನಕ್ಕಿತು.

"ಜೀವ ಉಳೀತ್ರಿ ಮೇಡಂ," ಅವನು ಕೆಂಪಾದ ಕಿವಿ ಉಜ್ಜಿಕೊಳ್ಳುತ್ತ ಹೇಳಿದ. "ಕಿವಿ ಉಳೀತೈತೋ ಇಲ್ಲೋ ನೋಡ್ಬೇಕು."

"ಕೂದ್ಲಾ ಬಿಡ್ರಿ ಸರ್. ಮುಂದಿನ ಸಲ ಅನುಕೂಲ ಆಗ್ತೈತಿ."

ಅವನು ನಗಲಿಲ್ಲ. ಆದರೆ ಅವತ್ತೆಲ್ಲ ಪಾಠದ ನಡುನಡುವೆ ಅವನ ಕೈ ಆ ಕಿವಿಯನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು. ಅವಳು ಬೇರೆಲ್ಲೋ ನೋಡುತ್ತಿದ್ದ ಹಾಗೆ ಇದ್ದು ಅದನ್ನೇ ನೋಡುತ್ತಿದ್ದಳು.

ಗೊಂಬೆಯ ಪಾಠದಲ್ಲಿ ಅವಳು ಸೋತಳು. ನೀರಿನಲ್ಲಿ ಇದ್ದ ಧೈರ್ಯ ನೆಲದ ಮೇಲೆ ಇರಲಿಲ್ಲ.

"ಅಂಜಬ್ಯಾಡ್ರಿ, ಒತ್ರಿ."

"ಪಕ್ಕೆಲುಬು ಮುರಿದ್ರ ಸರ್?"

"ಮುರಿದ ಎಲುಬು ಕೂಡ್ತೈತಿ. ನಿಂತ ಎದಿ ಕಾಯಂಗಿಲ್ಲ."

ಗೊಂಬೆಗೆ ಬ್ಯಾಚಿನವರು 'ಅಳಿಯಂದಿರು' ಎಂದು ಹೆಸರಿಟ್ಟಿದ್ದರು. ಬಂದಾಗಿನಿಂದ ಮಲಗೇ ಇದ್ದ, ಎಲ್ಲರೂ ಸೇವೆ ಮಾಡುತ್ತಿದ್ದರು. ಅಳಿಯಂದಿರು ಪೂಲಿನ ಸ್ಟೋರ್ ರೂಮು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ, ಅದು ನಿಯಮ. ಪರೀಕ್ಷೆಯ ಹಿಂದಿನ ಸಂಜೆ ದೊಡ್ಡಬಸವರಾಜ ಅವನನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಅವಳ ಸ್ಕೂಟಿಯ ಮೇಲಿಟ್ಟ.

"ಸರ್, ಗೊತ್ತಾದ್ರ ನಿಮ್ ಕೆಲ್ಸ?"

"ನಿಮ್ ಕೈಯಾಗ ಶಕ್ತಿ ಐತಿ. ನಂಬಿಕಿ ಇಲ್ಲ. ಯಾರೂ ನೋಡದ ಜಾಗದಾಗ ಒಂದು ರಾತ್ರಿ ಒತ್ರಿ, ಬರ್ತೈತಿ." ಹೇಳಿ ಹೊರಟವನು ತಿರುಗಿದ. "ಕಿವಿ ಮಾತ್ರ ಹಿಡೀಬ್ಯಾಡ್ರಿ. ಅದು ರಬ್ಬರ್ರು, ಕಿತ್ತು ಬರ್ತೈತಿ."

*

ಬೆಳಗಾಗುವಷ್ಟರಲ್ಲಿ ಸತ್ಯನಾರಾಯಣಪೇಟೆಯ ಆ ಓಣಿಗೆ ಒಂದು ಸುದ್ದಿ ಸಿಕ್ಕಿತ್ತು. ಚನ್ನವೀರಮ್ಮ ಪಕ್ಕದ ಮನೆಯ ಗುರುಬಸಮ್ಮನಿಗೆ ಹೇಳಿದ್ದರು: ರಾತ್ರಿ ಆ ಹುಡುಗಿಯ ರೂಮಿನಲ್ಲಿ ನೀಲಿ ಅಂಗಿಯ ಗಂಡಸು ಮಲಗಿದ್ದ, ಇವಳು ಬಾಯಿಗೆ ಬಾಯಿ ಹಚ್ಚಿದ್ದನ್ನು ಕಣ್ಣಾರೆ ಕಂಡೆ. ಗುರುಬಸಮ್ಮ ಅದನ್ನು ತನ್ನ ಅಕ್ಕನ ಮಗ ಶೇಖರನಿಗೆ ಫೋನಿನಲ್ಲಿ ಹೇಳಿದಳು. ಶೇಖರ ಈಜುಕೊಳದ ಸೆಕ್ರೆಟರಿ.

ಪರೀಕ್ಷೆಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಶೇಖರ ಬಂದ.

"ಹೊನ್ನೂರಮ್ಮಾರ, ನೀವು ಟೆಸ್ಟ್ ಕೊಡೋದು ಬ್ಯಾಡ. ಸಣ್ಣ ಮಕ್ಕಳು ಬರೋ ಜಾಗ ಇದು. ರಾತ್ರಿ ನಿಮ್ ರೂಮಿನ್ಯಾಗ ಯಾರಿದ್ರು ಅಂತ ಊರೆಲ್ಲ ಮಾತಾಡಾಕ ಹತ್ತೈತಿ. ಸುಮ್ನ ರಾಜೀನಾಮಿ ಕೊಟ್ರ ಮರ್ಯಾದಿ ಉಳೀತೈತಿ."

ಹೊನ್ನೂರಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೀಲಿ ಅಂಗಿ ನೆನಪಾಯಿತು, ಕೌದಿಯ ಕಾಲು ನೆನಪಾಯಿತು. ಅಯ್ಯೋ ದೇವರೇ. ನಗು ಬರಬೇಕಿತ್ತು. ಬಂದದ್ದು ಸಿಟ್ಟು.

ದೊಡ್ಡಬಸವರಾಜ ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಅವಳು ಅವನತ್ತ ನೋಡಿದಳು. ಬೇಡ ಎಂದು ಹೇಳಲು ಅವಳಿಗೆ ತಲೆ ಅಲ್ಲಾಡಿಸುವುದೂ ಬೇಕಾಗಲಿಲ್ಲ. ಅವನ ಬಾಯಿ ಮುಚ್ಚಿತು.

"ರೂಮು ನಂದು. ಬಾಡಿಗಿ ನಾನು ಕಟ್ತೀನಿ," ಎಂದಳು. "ಅಲ್ಲಿ ಯಾರಿದ್ರು, ಯಾರಿಲ್ಲ ಅಂತ ನಾ ಯಾರಿಗೂ ಹೇಳಂಗಿಲ್ಲ. ನೀವು ಕೇಳೋದಿದ್ರ ಈಜಿನ ಬಗ್ಗಿ ಕೇಳ್ರಿ."

"ಅಲ್ಲವ್ವಾ..."

"ಅವ್ವ ಅನ್ನಬ್ಯಾಡ್ರಿ. ಟೆಸ್ಟ್ ತಗೋರಿ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಶೇಖರ ದಾರಿ ಬದಲಿಸಿದ. "ಆತು, ಥಿಯರಿ ಬರೀರಿ. ನೀರಿನ್ಯಾಗ ಗಂಡಸರನ್ನ ಎಳಿಯೋದು ನಿಮಗ್ಯಾಕ? ಬೇಕಾದ್ರ ಲೇಡೀಸ್ ಬ್ಯಾಚ್ ನೋಡ್ಕೊಳ್ರಿ."

"ಮುಳುಗೋರು ಬ್ಯಾಚ್ ಕೇಳಿ ಮುಳುಗ್ತಾರೇನ್ರಿ?"

ಈ ಸಲ ಕೆಮ್ಮಿದವರು ನಕ್ಕುಬಿಟ್ಟರು. ದೊಡ್ಡಬಸವರಾಜ ವಾಚು ಬಿಚ್ಚಿಟ್ಟು, ಇದ್ದ ಬಟ್ಟೆಯಲ್ಲೇ ಆಳದ ಕಡೆ ಇಳಿದ. ಬ್ಯಾಚಿನಲ್ಲೇ ಭಾರದ ದೇಹ ಅವನದು. ನೀರಿನ ಮೇಲೆ ಕೈಕಾಲು ಸಡಿಲ ಬಿಟ್ಟು ಬೋರಲು ತೇಲಿದ.

ಅವಳು ಜಿಗಿಯಲಿಲ್ಲ. ಕೋಲು ಚಾಚಿದಳು. ಅವನು ಹಿಡಿಯಲಿಲ್ಲ. ಕೂಗಿ ಕರೆದು ಹಗ್ಗ ಎಸೆದಳು. ಹಿಡಿಯಲಿಲ್ಲ. ಆಗ ತೇಲುವ ರಬ್ಬರ್ ಟ್ಯೂಬು ಎದೆಗವಚಿಕೊಂಡು, ಮೆಲ್ಲಗೆ ಇಳಿದು ಅವನ ಬಳಿ ಹೋದಳು. ಮಗ್ಗುಲು ತಿರುಗಿಸಿ ಮುಖವನ್ನು ಆಕಾಶಕ್ಕೆ ಮಾಡಿದಳು. ಅವನ ತಲೆ ಅವಳ ಭುಜದ ಮೇಲೆ ಬಂತು. ಹಿಂದಕ್ಕೆ ಕಾಲು ಬಡಿಯುತ್ತ ದಡದ ಕಡೆ ಎಳೆಯತೊಡಗಿದಳು.

ಬಳ್ಳಾರಿಯ ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಅವನ ರೆಪ್ಪೆಯ ಮೇಲೆ ಒಂದು ಹನಿ ನಿಂತಿತ್ತು, ಬೀಳಲಿಲ್ಲ.

"ಇವತ್ತು ಕಿವಿ ಹಿಡೀಲಿಲ್ಲ," ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ.

"ಪ್ರಜ್ಞಿ ತಪ್ಪಿದೋರು ಮಾತಾಡಂಗಿಲ್ಲ."

"ನಾ ಹೇಳಿಬಿಡ್ತೀನ್ರಿ. ಗೊಂಬಿ ಕೊಟ್ಟಿದ್ದು ನಾನು ಅಂತ."

"ಬಾಯಿ ಮುಚ್ರಿ. ನೀರ್ ಹೋಗ್ತೈತಿ."

ಅವನ ತುಟಿ ಬಿಗಿದುಕೊಂಡಿತು. ನಗು ಮಾತ್ರ ಎದೆಯೊಳಗೇ ಕುಲುಕಿ ಅವಳ ತೋಳಿಗೆ ತಾಕಿತು. ಮುಳುಗಿದವನ ಎದೆ ಹೀಗೆ ಬಡಿಯಬಾರದು ಎಂದುಕೊಂಡಳು. ತನ್ನದೂ.

ದಡದಲ್ಲಿ ಗೊಂಬೆ ಕಾಯುತ್ತಿತ್ತು. ಪರೀಕ್ಷೆಗೆ ಸ್ಟೋರಿನ ಇನ್ನೊಂದು, ಹಳದಿ ಅಂಗಿಯದು. ಹೊನ್ನೂರಮ್ಮ ಒದ್ದೆ ಮೈಯಲ್ಲೇ ಮೊಣಕಾಲೂರಿದಳು. ಮೊದಲು ಉಸಿರು. ಆಮೇಲೆ ಕೈ. ಶೇಖರನ ಮುಖ, ಓಣಿಯ ಬಾಯಿ, ಬಾವಿಯ ಮೆಟ್ಟಿಲು, ಎಲ್ಲವೂ ಆ ಅಂಗೈಯ ಕೆಳಗೆ ಬಂದವು.

ಟಕ್. ಟಕ್. ಟಕ್. ಟಕ್.

ಒಂದು ಒತ್ತೂ ತಪ್ಪಲಿಲ್ಲ. ಸುತ್ತ ನಿಂತವರು ತಾವೇ ಚಪ್ಪಾಳೆ ಶುರು ಮಾಡಿದರು. ಪಾಸಾದವರ ಹಾಳೆಗೆ ಸೆಕ್ರೆಟರಿಯ ಸಹಿಯೂ ಬೇಕಿತ್ತು. ಅಷ್ಟು ಜನರ ಎದುರು ಶೇಖರ ಪೆನ್ನು ಹುಡುಕಾಡಿದ. ಅವಳೇ ತನ್ನ ಪೆನ್ನು ಕೊಟ್ಟಳು.

*

ಮಧ್ಯಾಹ್ನದ ಸುಡುಬಿಸಿಲಲ್ಲಿ, ಓಣಿಯೆಲ್ಲ ಬಾಗಿಲಲ್ಲಿ ಕೂತಿರುವಾಗ, ದೊಡ್ಡಬಸವರಾಜನ ಬೈಕು ಚನ್ನವೀರಮ್ಮನ ಮುಂಬಾಗಿಲಿಗೇ ಬಂದು ನಿಂತಿತು. ಈ ಸಲ ಗೋಣಿಚೀಲ ಇರಲಿಲ್ಲ.

"ಅಮ್ಮಾರ, ನಿಮ್ ಬಾಡಿಗಿ ರೂಮಿನ್ಯಾಗ ಒಬ್ಬ ಗಂಡಸು ಅದಾನಂತಲ್ರಿ. ಅವನ್ನ ಕರ್ಕೊಂಡ್ ಹೋಗಾಕ ಬಂದೀನಿ."

ಚನ್ನವೀರಮ್ಮನ ಕೈಯಲ್ಲಿದ್ದ ಅಕ್ಕಿಯ ಮೊರ ಅಲ್ಲೇ ನಿಂತಿತು. ಹೊನ್ನೂರಮ್ಮ ರೂಮಿನ ಬಾಗಿಲನ್ನು ಪೂರ್ತಿ ತೆರೆದಳು. ಅವನು ಒಳಹೋಗಿ ಗೊಂಬೆಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಬಂದ. ದುಪ್ಪಟಿ ಜಾರಿತು, ಕೌದಿ ಬಿತ್ತು.

"ಇವನಾ?" ಮುದುಕಿ ಕೇಳಿದರು.

"ಇವನ."

"ಯವ್ವಾ, ಇವಗ ಕಾಲ ಇಲ್ಲಲ್ಲೇ!"

ಹೊನ್ನೂರಮ್ಮನಿಗೆ ಬೆಳಗಿನಿಂದ ತಡೆದಿದ್ದ ನಗು ಒಮ್ಮೆಲೇ ಬಂತು. ಆದರೆ ಚನ್ನವೀರಮ್ಮ ನಗಲಿಲ್ಲ. ಏತಕ್ಕೆ ಇದು, ಏನು ಮಾಡುತ್ತೀರಿ ಎಂದು ಕೇಳಿ, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನೆಲದ ಮೇಲೆ ಕೂತರು.

"ನಮ್ಮ ತಮ್ಮ ಸಿರುಗುಪ್ಪದ ಕಾಲುವ್ಯಾಗ ಬಿದ್ದಿದ್ದ. ಹೊರಗ ತೆಗದ್ರು. ಕಾಲ್ ಹಿಡಿದು ಗಿರಗಿರ ತಿರುಗಿಸಿದ್ರು. ನೀರು ಬಂತವ್ವ. ಉಸಿರು ಬರ್ಲಿಲ್ಲ." ಗೊಂಬೆಯತ್ತ ಕೈ ತೋರಿಸಿ, "ನನಗ ಒಂದ್ಸಲ ತೋರ್ಸು," ಎಂದರು.

ದೊಡ್ಡಬಸವರಾಜ ಗೊಂಬೆಯನ್ನು ಅವರ ಮುಂದೆ ಮಲಗಿಸಿದ. ಸುಕ್ಕುಗಟ್ಟಿದ ಆ ಕೈಗಳ ಮೇಲೆ ಹೊನ್ನೂರಮ್ಮ ತನ್ನ ಕೈ ಇಟ್ಟಳು. "ಅಂಜಬ್ಯಾಡ್ರಿ ಅಮ್ಮಾರ. ಒತ್ರಿ."

ಟಕ್.

"ರಾತ್ರಿ ಕೇಳಿದ್ದು ಇದ ಸಪ್ಪಳ ಏನು?" ಚನ್ನವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಬಾಯಿಗೆ ಬೆಂಕಿ ಹಾಕ. ಕೂಡ್ರಿ, ಚಾ ಮಾಡ್ತೀನಿ." ಗಡಬಡಿಸಿ ಒಳಗೆ ಹೋದರು.

ಗೊಂಬೆಯನ್ನೆತ್ತಿಕೊಂಡು ಇಬ್ಬರೂ ರೂಮಿನ ಹೊಸ್ತಿಲೊಳಗೆ ಬಂದು ನಿಂತರು. ಮಧ್ಯೆ ಅಳಿಯಂದಿರು.

"ಗೊಂಬಿ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತಲ್ರಿ," ಅವನು ಕೇಳಿದ. "ನನ್ನ ಕೆಲ್ಸದ ಸಲುವಾಗಿ ಸುಮ್ನಿದ್ರೇನು?"

"ಅದೂ ಇತ್ತು. ಅಷ್ಟ ಅಲ್ಲ." ಅವಳು ಮಾತನ್ನು ಅಳೆದು ಹುಡುಕಿದಳು. "ಗೊಂಬಿ ಅಂತ ಹೇಳಿದ್ರ, ಗಂಡಸು ಇದ್ದಿದ್ರ ತಪ್ಪು ಅಂತ ನಾನೂ ಒಪ್ಪಿದಂಗ ಆಗ್ತಿತ್ತು."

ಅವನು ಅವಳನ್ನೇ ನೋಡಿದ. ಕಿವಿ ಯಾರೂ ಹಿಡಿಯದೆಯೇ ಕೆಂಪಾಯಿತು.

"ಹಂಗಿದ್ರ," ಎಂದ, "ಒಬ್ಬ ಗಂಡಸು ಬರಬಹುದಾ? ಎರಡೂ ಕಾಲ್ ಇರೋನು?"

"ಕುರುಗೋಡಿನ್ಯಾಗ ನಿಮ್ಮ ಮನಿಯೋರು ಕೇಳ್ತಾರ. ಯಾವೂರು, ಯಾವ ಕೇರಿ ಅಂತ."

"ಹೇಳ್ತೀನಿ."

"ಹೇಳೋದು ಸುಲಭ. ನಿಲ್ಲೋದು?"

"ಅವತ್ತು ಕಿವಿ ಹಿಡಿದು ಎಳ್ಕೊಂಡ್ ಬಂದ್ರಿ. ಅವತ್ತಿಂದ ನಿಂತೇ ಅದೀನ್ರಿ. ಎಲ್ಲಿಗೂ ಹೋಗಿಲ್ಲ."

ಓಣಿ ಹೊರಗಿತ್ತು. ಬಾಗಿಲು ತೆರೆದೇ ಇತ್ತು. ಜೀವನವಿಡೀ ಕಿಟಕಿ, ಪರದೆ, ಬಾಗಿಲು ನೋಡಿಕೊಂಡು ಬಂದ ಹೊನ್ನೂರಮ್ಮ ಅದರತ್ತ ತಿರುಗಲಿಲ್ಲ. ಕೈ ಚಾಚಿ ಅವನ ಕಿವಿ ಹಿಡಿದಳು. ಮೆಲ್ಲಗೆ ಕೆಳಕ್ಕೆ, ತನ್ನ ಕಡೆಗೆ ಎಳೆದಳು. ಈ ಸಲ ಕೊಟ್ಟ ಉಸಿರು ಯಾವ ಪಾಠದಲ್ಲೂ ಇರಲಿಲ್ಲ.

ಕಪ್ಪುಗಳು ಕಿಣಿಕಿಣಿ ಎಂದವು.

ಚನ್ನವೀರಮ್ಮ ಚಹದ ತಟ್ಟೆ ಹಿಡಿದು ನಿಂತಿದ್ದರು. ಅವನು ಹಿಂದೆ ಸರಿಯಲು ನೋಡಿದ. ಹೊನ್ನೂರಮ್ಮ ಕಿವಿ ಬಿಡಲಿಲ್ಲ. ಮುದುಕಿಯ ಕಣ್ಣನ್ನೇ ನೋಡುತ್ತ, "ಹೇಳ್ರಿ ಅಮ್ಮಾರ. ಯಾರಿಗೆ ಹೇಳ್ತೀರೋ ಹೇಳ್ರಿ," ಎಂದಳು.

ಚನ್ನವೀರಮ್ಮ ತಟ್ಟೆಯನ್ನು ಹೊಸ್ತಿಲೊಳಗೆ ಇಟ್ಟರು. ಬಾಗಿಲನ್ನು ಹೊರಗಿನಿಂದ ತಾವೇ ಎಳೆದುಕೊಂಡರು.

ಕಾಂಪೌಂಡಿನ ಮೇಲಿಂದ ಗುರುಬಸಮ್ಮನ ದನಿ ಬಂತು. "ಯಾರ್ ಬಂದಾರ ಬೇ, ಆ ಹುಡುಗಿ ರೂಮಿಗೆ?"

ಒಳಗಿದ್ದ ಇಬ್ಬರೂ ಉಸಿರು ಹಿಡಿದರು.

"ಯಾರಿಲ್ಲ ತಗಿಯವ್ವಾ," ಚನ್ನವೀರಮ್ಮ ಹೇಳಿದರು. "ಅದ ಗೊಂಬಿ."